ಉಷ್ಣತೆಯ ಮುಳ್ಳು ನಡುವೆ ನಿಂತಿದ್ದರೂ ಎಂಜಿನ್ ಮಿತಿಮೀರಿ ಕಾಯಬಹುದು: ಐಷಾರಾಮಿ ಎಸ್‌ಯುವಿಗಳ ಕೂಲಂಟ್ ಸೋರಿಕೆ ಕುರಿತು

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್ ಸಮೀಪ ವಾಸವಾಗಿದ್ದೇನೆ. ಯುರೋಪಿನ ಹೆಸರಾಂತ ಕಂಪನಿಯೊಂದರ ಪೆಟ್ರೋಲ್ ವಿ8 ಎಂಜಿನ್ನಿನ ಎಸ್‌ಯುವಿಯನ್ನು ಎರಡು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡೆ. ಗಾಡಿಗೆ ಹತ್ತು ವರ್ಷ ದಾಟಿದೆ, ಸುಮಾರು 90 ಸಾವಿರ ಮೈಲಿ ಓಡಿದೆ. ಈ ಬೇಸಿಗೆಯಲ್ಲಿ ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಕಡಿಮೆಯಾಗಿದೆ ಎಂಬ ಸೂಚನೆ ಬಂತು. ತುಂಬಿಸಿದ ಕೆಲವೇ ದಿನಗಳಲ್ಲಿ ಮತ್ತೆ ಬಂತು. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ, ಉಷ್ಣತೆಯ ಮುಳ್ಳು ಸದಾ ನಡುವೆಯೇ ನಿಂತಿರುತ್ತದೆ. ಎಂಜಿನ್ನಿನ ಒಳಭಾಗದ ಪ್ಲಾಸ್ಟಿಕ್ ಪೈಪು ಮತ್ತು ವಾಟರ್ ಪಂಪ್ ಎರಡನ್ನೂ ಬದಲಿಸಬೇಕೆಂದು ಡೀಲರ್ ಹೇಳಿದರು, ಕೇಳಿದ ಮೊತ್ತ ದೊಡ್ಡದು. ಇನ್ನೊಂದು ಗ್ಯಾರೇಜಿನವರು ಸೋರಿಕೆ ನಿಲ್ಲಿಸುವ ದ್ರಾವಣ ಹಾಕಿ ನೋಡೋಣ ಎನ್ನುತ್ತಾರೆ. ಇದೇ ದೂರನ್ನು ಹೇಳುವ ಮಾಲೀಕರು ಬಹಳ ಮಂದಿ ಕಾಣುತ್ತಾರೆ. ಇದು ತಯಾರಿಕೆಯ ದೋಷವೇ? ರಿಪೇರಿ ಮಾಡಿಸಲೇ, ಮಾರಲೇ? ಹಣ ಮರಳಿ ಪಡೆಯುವ ದಾರಿ ಇದೆಯೇ? ಬೆಂಗಳೂರಿನಲ್ಲಿರುವ ನನ್ನ ಬಾವನೂ ಇಂಥದೇ ಹಳೆಯ ಗಾಡಿಯೊಂದನ್ನು ನೋಡಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ತುರ್ತಿನ ಮಾತು. ಸೋರುತ್ತಿರುವುದು ಎಲ್ಲಿಂದ ಎಂದು ಖಚಿತವಾಗುವವರೆಗೆ ಆ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ. ಗ್ಯಾರೇಜಿಗೆ ಒಯ್ಯಬೇಕಾದರೂ ದೂರವಿದ್ದರೆ ಟೋ ಮಾಡಿಸಿ. ಮುಳ್ಳು ನಡುವೆ ನಿಂತಿದೆ ಎಂಬುದು ನಿಮಗೆ ಧೈರ್ಯ ಕೊಟ್ಟಿರುವಂತೆ ಕಾಣುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಅದೇ ವಾಕ್ಯ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಈ ವರ್ಗದ ವಾಹನಗಳ ಬಗ್ಗೆ ಬರುವ ದೂರುಗಳನ್ನು ಓದುವವರು, ಎಂಜಿನ್ನನ್ನು ತಣ್ಣಗಿಡುವ ಸಾಮರ್ಥ್ಯವೇ ಕಂಪನಿಯವರು ಕೊಟ್ಟಿದ್ದರಲ್ಲಿ ಸಾಲದೆ ಹೋಗಿದೆ ಎಂದು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಎರಡು ಟನ್ನಿಗೂ ಮೀರಿದ ತೂಕದ, ಮೂರೂವರೆ ಟನ್ ಟ್ರೇಲರ್ ಎಳೆಯಲು ಯೋಗ್ಯವೆಂದು ಘೋಷಿತವಾದ ಗಾಡಿಯಲ್ಲಿ ರೇಡಿಯೇಟರ್ ದೊಡ್ಡದೇ ಇರುತ್ತದೆ, ಫ್ಯಾನ್ ಬಲವಾಗಿಯೇ ಇರುತ್ತದೆ. ತೊಂದರೆ ಬರುವುದು ದ್ರವವನ್ನು ಹಿಡಿದಿಡುವ ಭಾಗಗಳಲ್ಲಿ, ಅಂದರೆ ಪೈಪು, ಅವುಗಳ ಬೆಸುಗೆಯ ಅಂಚು, ಜೋಡಣೆಯ ಸಂದಿ ಮುಚ್ಚುವ ರಬ್ಬರಿನ ಬಳೆಯಾದ ಓ-ರಿಂಗ್, ಪಂಪಿನ ಸೀಲು, ಕೂಲಂಟ್ ತುಂಬಿಸುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಇವುಗಳಲ್ಲಿ. ಇವು ಬೆಲೆಬಾಳುವ ಭಾಗಗಳಲ್ಲ. ಇವು ಬಿಟ್ಟುಕೊಟ್ಟ ಮಾತ್ರಕ್ಕೆ ಎಂಜಿನ್ ಹಾಳಾಗುವುದೂ ಇಲ್ಲ. ಬಿಟ್ಟುಕೊಟ್ಟ ಮೇಲೆ, ‘ಮನೆ ಇನ್ನು ಸ್ವಲ್ಪವೇ ದೂರ’ ಎಂದು ಓಡಿಸಿದ ಕೆಲವು ನಿಮಿಷಗಳಲ್ಲಿ ಎಂಜಿನ್ ಹಾಳಾಗುತ್ತದೆ.

ಒತ್ತಡದ ಲೆಕ್ಕ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟ್ 107 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಟ್ಯಾಂಕಿನ ಮುಚ್ಚಳ ಸುಮಾರು 1 ಬಾರ್, ಅಂದರೆ ಹೆಚ್ಚುಕಡಿಮೆ ಇನ್ನೊಂದು ವಾತಾವರಣದಷ್ಟು, ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಾಗ ಅದೇ ದ್ರವದ ಕುದಿಬಿಂದು 125ರಿಂದ 130 ಡಿಗ್ರಿಯವರೆಗೆ ಏರುತ್ತದೆ, ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಆಗುವುದೂ ಇದೇ. ಇಂಧನ ಉಳಿತಾಯಕ್ಕಾಗಿಯೂ ಹೊಗೆಯ ನಿಯಮಗಳಿಗಾಗಿಯೂ ಇಂದಿನ ಹಲವು ಎಂಜಿನ್‌ಗಳನ್ನು 100 ಡಿಗ್ರಿಯ ಮೇಲೆಯೇ ನಡೆಯುವಂತೆ ಹೊಂದಿಸಿರುತ್ತಾರೆ. ಹಾಗಿರುವಾಗ ಒಂದು ಪೈಪಿನ ಅಂಚು ಬಿರಿದು ಒತ್ತಡ ಇಳಿದರೆ, ಲೀಟರುಗಟ್ಟಲೆ ದ್ರವ ಹೊರಗೆ ಹೋಗಬೇಕೆಂದೇನೂ ಇಲ್ಲ. ಒಳಗೆ ಉಳಿದದ್ದೇ ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಸಿಲಿಂಡರ್ ಹೆಡ್ಡಿನ ಅತಿ ಬಿಸಿಯಾದ ಜಾಗಗಳಲ್ಲಿ ಕುದಿದು ಆವಿಯಾಗತೊಡಗುತ್ತದೆ. ಆವಿ ಶಾಖವನ್ನು ಹೊತ್ತೊಯ್ಯುವುದರಲ್ಲಿ ದ್ರವಕ್ಕೆ ಸಮನಲ್ಲ. ಅಲ್ಯೂಮಿನಿಯಂ ಹೆಡ್ಡು ಅಲ್ಲಲ್ಲಿ ವಿಪರೀತ ಕಾದು ಬಾಗುತ್ತದೆ, ಹೆಡ್ಡು ಮತ್ತು ಬ್ಲಾಕಿನ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ. ಇಲ್ಲಿ ಸಹಿಸಬಹುದಾದ ಬಾಗು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ.

ಇನ್ನು ಮುಳ್ಳಿನ ವಿಷಯ. ಅನೇಕ ಆಧುನಿಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ಸೆನ್ಸರ್ ಹೇಳಿದ್ದನ್ನು ಹಾಗೆಯೇ ತೋರಿಸುವುದಿಲ್ಲ. ಸಣ್ಣಪುಟ್ಟ ಏರಿಳಿತಕ್ಕೆ ಮಾಲೀಕರು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡಿಬರುತ್ತಾರೆಂದು, ಸುಮಾರು 80 ಡಿಗ್ರಿಯಿಂದ 110 ಡಿಗ್ರಿಯವರೆಗಿನ ವಿಶಾಲ ವ್ಯಾಪ್ತಿಗೆಲ್ಲ ಅದು ನಡುವೆಯೇ ನಿಲ್ಲುವಂತೆ ಸಾಫ್ಟ್‌ವೇರ್ ಬರೆದಿರುತ್ತಾರೆ. ಕೆಲವು ಮಾದರಿಗಳಲ್ಲಿ ಮುಳ್ಳೇ ಇರುವುದಿಲ್ಲ, ಕೆಂಪು ದೀಪ ಮಾತ್ರ. ಅದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ: ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಉಷ್ಣತೆಯನ್ನು ಅಳೆಯುತ್ತದೆ. ಕೂಲಂಟ್ ಇಳಿದು ಸೆನ್ಸರಿನ ಸುತ್ತ ಗಾಳಿಯೋ ಆವಿಯೋ ತುಂಬಿಕೊಂಡರೆ ಅದು ಕಡಿಮೆ ಉಷ್ಣತೆಯನ್ನೇ ವರದಿ ಮಾಡಬಹುದು, ಅತ್ತ ಸಿಲಿಂಡರ್ ಹೆಡ್ಡು ಬೇಯುತ್ತಿದ್ದರೂ. ಹೀಗಾಗಿ ‘ಮುಳ್ಳು ಏರಲೇ ಇಲ್ಲ, ಎಂಜಿನ್ ಮಾತ್ರ ಸೀಜ್ ಆಯಿತು’ ಎಂಬ ಮಾಲೀಕರ ದೂರನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ.

ಇದಕ್ಕೆ ಒಂದು ಹಳೆಯ ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿರುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ನೋಡಿ. ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬಂದರೆ ಹೀಟರಿನ ಸುರುಳಿಗೆ ಕೂಲಂಟ್ ತಲುಪುತ್ತಿಲ್ಲವೆಂದೇ ಬಹುಮಟ್ಟಿಗೆ ಅರ್ಥ. ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಎಂಜಿನ್ ಕಾದಾಗ ಹೀಟರ್ ಹಚ್ಚಿ ಮುಂದೆ ಸಾಗಬಹುದೆಂಬ ಸಲಹೆಯನ್ನು ನೀವು ಕೇಳಿರಬಹುದು. ಅದು ಒಳಗೆ ದ್ರವ ಇದ್ದಾಗ ಮಾತ್ರ ನಡೆಯುವ ಉಪಾಯ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್ ಒಂದನ್ನು ಕೊಂಡು ನಿಜವಾದ ಅಂಕಿಯನ್ನು ಫೋನಿನಲ್ಲಿ ನೋಡುವುದನ್ನು ಈ ವರ್ಗದ ಪ್ರತಿಯೊಬ್ಬ ಮಾಲೀಕರಿಗೂ ನಾನು ಶಿಫಾರಸು ಮಾಡುತ್ತೇನೆ. ಕಂಪನಿಯ ಅಂಕಿ ಬೇರೆ ಇಲ್ಲದಿದ್ದರೆ 115 ಡಿಗ್ರಿ ದಾಟುತ್ತಲೇ ನಿಲ್ಲಿಸುವುದು ಕ್ಷೇಮ. ಅಂಕಿ ಏರುತ್ತಾ ಹೋಗಿ ಕಾರಣವಿಲ್ಲದೆ ಥಟ್ಟನೆ ಇಳಿದರೂ ಅದು ಶುಭಸೂಚನೆಯಲ್ಲ, ಸೆನ್ಸರ್ ಒಣಗಿದೆ ಎಂದೇ ಭಾವಿಸಿ ನಿಲ್ಲಿಸಿ.

ಪ್ಲಾಸ್ಟಿಕ್ಕನ್ನು ಏಕೆ ಬಳಸಿದರು ಎಂಬುದು ಎಲ್ಲ ಮಾಲೀಕರೂ ಕೋಪದಿಂದ ಕೇಳುವ ಪ್ರಶ್ನೆ. ಬರೀ ಜಿಪುಣತನವೆಂದು ಹೇಳಿದರೆ ಅನ್ಯಾಯವಾದೀತು. ಗಾಜಿನ ಎಳೆ ಬೆರೆಸಿದ ನೈಲಾನ್ ಹಗುರ, ತುಕ್ಕು ಹಿಡಿಯದು, ಲೋಹದಲ್ಲಿ ನಾಲ್ಕಾರು ತುಂಡು ಜೋಡಿಸಬೇಕಾದ ತಿರುವುಮುರುವಿನ ಆಕಾರವನ್ನು ಅಚ್ಚಿನಲ್ಲಿ ಸುಲಭವಾಗಿ ತೆಗೆಯಬಹುದು. ಸಾಧಾರಣ ಬೆಲೆಯ ಕಾರುಗಳಲ್ಲಿಯೂ ರೇಡಿಯೇಟರಿನ ಎರಡು ಬದಿಯ ತೊಟ್ಟಿಗಳು, ಕೂಲಂಟಿನ ಹರಿವನ್ನು ಉಷ್ಣತೆಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟಾಟಿನ ಗೂಡು ಇದರವೇ ಆಗಿರುತ್ತವೆ. ಆದರೆ ನೈಲಾನನ್ನು ಬಿಸಿನೀರು ಮತ್ತು ಗ್ಲೈಕಾಲ್ ನಿಧಾನವಾಗಿ ತಿನ್ನುತ್ತವೆ. ಅದರ ಉದ್ದನೆಯ ಅಣುಸರಪಳಿಗಳು ಒಂದೊಂದಾಗಿ ಕಡಿಯುತ್ತಾ ಭಾಗ ಪೆಡಸಾಗುತ್ತದೆ. ಉಷ್ಣತೆ ಏರಿದಷ್ಟೂ ಈ ಕ್ರಿಯೆ ವೇಗವಾಗುವುದರಿಂದ, 90 ಡಿಗ್ರಿಯಲ್ಲಿ ಬಹುಕಾಲ ಬಾಳುವ ಭಾಗ 105 ಡಿಗ್ರಿಯಲ್ಲಿ ಅಷ್ಟು ಬಾಳುವುದಿಲ್ಲ. ಅದರ ಮೇಲೆ ದಿನಾ ಕಾಯುವುದು, ತಣಿಯುವುದು. ಅಲ್ಯೂಮಿನಿಯಂ ಹಿಗ್ಗುವ ಪ್ರಮಾಣ ಒಂದು, ನೈಲಾನಿನದು ಇನ್ನೊಂದು. ಎರಡು ಅರ್ಧಗಳನ್ನು ಬೆಸೆದು ಮಾಡಿದ ಪೈಪಾದರೆ ಆ ಬೆಸುಗೆಯ ಗೆರೆಯೇ ಮೊದಲು ಬಿಡುತ್ತದೆ. ಹಳೆಯ ಪೈಪನ್ನು ಬಿಚ್ಚುವಾಗ ಅದರ ಕೊನೆ ಹಪ್ಪಳದಂತೆ ಮುರಿದು ಓ-ರಿಂಗಿನ ಜೊತೆ ಬ್ಲಾಕಿನಲ್ಲಿಯೇ ಉಳಿದುಬಿಡುವುದು ಮೆಕ್ಯಾನಿಕ್‌ಗಳಿಗೆಲ್ಲ ಪರಿಚಿತ ಅನುಭವ.

ಐಷಾರಾಮಿ ಎಸ್‌ಯುವಿಯಲ್ಲಿ ಈ ಸಾಮಾನ್ಯ ದೌರ್ಬಲ್ಯ ದೊಡ್ಡ ಸಂಕಟವಾಗುವುದು ಆ ಭಾಗ ಇರುವ ಸ್ಥಳದಿಂದ. ವಿ ಆಕಾರದ ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವೆ ಒಂದು ಕಣಿವೆ ಇರುತ್ತದೆ. ಅದರ ಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್, ಕೆಲವು ಎಂಜಿನ್‌ಗಳಲ್ಲಿ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂತಿರುತ್ತದೆ. ಪೈಪುಗಳು ಅದರ ಕೆಳಗೆ, ಗಾಳಿಯಾಡದ ಬಿಸಿಯಲ್ಲಿ ಹಾದುಹೋಗುತ್ತವೆ. ಹನಿ ಹನಿಯಾಗಿ ಸೋರಿದ್ದು ಆ ಕಣಿವೆಯಲ್ಲಿಯೇ ಆವಿಯಾಗಿ ಹೋಗುವುದರಿಂದ ನೆಲದ ಮೇಲೆ ಏನೂ ಬೀಳುವುದಿಲ್ಲ. ನಿಮ್ಮ ಗಾಡಿಯ ಕೆಳಗೆ ಒಂದು ಹನಿಯೂ ಕಾಣದಿರುವುದಕ್ಕೆ ಬಹುಶಃ ಇದೇ ಕಾರಣ. ಬಾನೆಟ್ ಎತ್ತಿದಾಗ ಸಿಹಿಯಾದ ವಾಸನೆ ಬರುತ್ತದೆಯೇ, ಪೈಪುಗಳ ಸಂದಿಯಲ್ಲಿ ಬಿಳಿ ಅಥವಾ ಕೂಲಂಟಿನ ಬಣ್ಣದ ಒಣಗಿದ ಪುಡಿ ಕಟ್ಟಿದೆಯೇ ಎಂದು ನೋಡಿ.

ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ ಪೋರ್ಷೆ ಕಂಪನಿಯ ಮೊದಲ ತಲೆಮಾರಿನ ಕಯೆನ್. ಅದರ 4.5 ಲೀಟರ್ ವಿ8 ಎಂಜಿನ್ನಿನಲ್ಲಿ ಕೂಲಂಟಿನ ಪ್ಲಾಸ್ಟಿಕ್ ಕೊಳವೆಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಹಾದುಹೋಗುತ್ತಿದ್ದವು, ಸ್ಟಾರ್ಟರ್ ಮೋಟಾರ್ ಕೂಡ ಅದೇ ಕಣಿವೆಯಲ್ಲಿತ್ತು. ಕೊಳವೆ ಬಿರಿದಾಗ ದ್ರವ ಸ್ಟಾರ್ಟರಿನ ಮೇಲೆ ಸುರಿದು ಅದನ್ನೂ ಕೆಡಿಸುತ್ತಿತ್ತು. ಕಂಪನಿ ಮುಂದೆ ಅದೇ ಜಾಗಕ್ಕೆ ಅಲ್ಯೂಮಿನಿಯಂ ಕೊಳವೆಗಳ ಕಿಟ್ ತಂದಿತು. ಅಮೆರಿಕದ ಮಾಲೀಕರು ಬೇರೆ ಬೇರೆ ಕಡೆ ಹೂಡಿದ್ದ ದಾವೆಗಳು 2011ರಲ್ಲಿ ಒಹಾಯೊ ರಾಜ್ಯದ ಫೆಡರಲ್ ನ್ಯಾಯಾಲಯವೊಂದರಲ್ಲಿ ಒಟ್ಟುಗೂಡಿ, ದುರಸ್ತಿ ವೆಚ್ಚದ ಒಂದು ಪಾಲನ್ನು ಮರಳಿಸುವ ರಾಜಿಯಲ್ಲಿ ಮುಗಿದವು. ‘ಒಂದು ಪಾಲು’ ಎಂಬುದನ್ನು ಗಮನಿಸಿ, ಹಣ ಮರಳಿ ಪಡೆಯುವ ನಿಮ್ಮ ಪ್ರಶ್ನೆಗೆ ಅದು ಬೇಕಾಗುತ್ತದೆ.

ಬಿಎಂಡಬ್ಲ್ಯು ಎಕ್ಸ್5ರಲ್ಲಿ ಬಳಕೆಯಾದ ಎನ್62 ಎಂಬ ವಿ8 ಎಂಜಿನ್ನಿನಲ್ಲಿ ಪೈಪು ಲೋಹದ್ದೇ ಆಗಿತ್ತು. ಕೆಟ್ಟದ್ದು ಅದರ ಮುಂತುದಿಯ ರಬ್ಬರ್ ಸೀಲು. ಕೆಲವೇ ಡಾಲರುಗಳ ಆ ಸೀಲನ್ನು ಕಂಪನಿಯ ವಿಧಾನದಲ್ಲಿ ಬದಲಿಸಬೇಕಾದರೆ ಎಂಜಿನ್ನಿನ ಮುಂಭಾಗದ ಟೈಮಿಂಗ್ ಕವರುಗಳವರೆಗೆ ಬಿಚ್ಚಬೇಕಾಗಿತ್ತು. ಕೊನೆಗೆ ಹೊರಗಿನ ತಂತ್ರಜ್ಞರು, ಮಡಚಿ ಒಳಗಿಳಿಸಿ ಆಮೇಲೆ ಉದ್ದಕ್ಕೆ ಎಳೆಯಬಹುದಾದ ಪೈಪನ್ನು ರೂಪಿಸಿದರು; ಹಳೆಯದನ್ನು ಒಳಗೇ ಕತ್ತರಿಸಿ ತೆಗೆದು ಇದನ್ನು ಕೂರಿಸಿದರೆ ಎಂಜಿನ್ನಿನ ಮುಂಭಾಗವನ್ನು ಬಿಚ್ಚುವ ಕೆಲಸ ತಪ್ಪುತ್ತದೆ. ಈ ಉದ್ಯಮದಲ್ಲಿ ನಾನು ಮನಸಾರೆ ಮೆಚ್ಚುವ ಜಾಣತನಗಳಲ್ಲಿ ಇದೂ ಒಂದು. ಲ್ಯಾಂಡ್ ರೋವರ್‌ನ 5.0 ಲೀಟರ್ ವಿ8 ಮತ್ತು ಅದರಿಂದಲೇ ಹುಟ್ಟಿದ 3.0 ಲೀಟರ್ ಸೂಪರ್‌ಚಾರ್ಜ್ಡ್ ವಿ6 ಎಂಜಿನ್‌ಗಳ ಮಾಲೀಕರು ಹೇಳುವುದು ಮುಂಭಾಗದ ಅಡ್ಡಪೈಪು, ಹಿಂಭಾಗದಲ್ಲಿ ಹೀಟರಿಗೆ ಹೋಗುವ ಕವಲುಪೈಪು, ವಾಟರ್ ಪಂಪ್ ಈ ಮೂರರ ಬಗ್ಗೆ. ಹಿಂದಿನ ಪೈಪಿಗೆ ಕೈ ಹಾಕಬೇಕಾದರೆ ಸೂಪರ್‌ಚಾರ್ಜರನ್ನು ಮೇಲೆತ್ತಬೇಕು. ಬಿಎಂಡಬ್ಲ್ಯುವಿನ ಆರು ಸಿಲಿಂಡರಿನ ಹಲವು ಎಂಜಿನ್‌ಗಳಲ್ಲಿ ವಿದ್ಯುತ್ ಚಾಲಿತ ವಾಟರ್ ಪಂಪ್ ಇದೆ. ಬೆಲ್ಟಿನ ಪಂಪು ತೊಟ್ಟಿಕ್ಕಿ, ಸದ್ದು ಮಾಡಿ ಮುನ್ಸೂಚನೆ ಕೊಟ್ಟರೆ, ಇದು ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ.

ಹಾಗಾದರೆ ಇದು ತಯಾರಿಕೆಯ ದೋಷವೇ? ಪದಕ್ಕೆ ಅಂಟಿಕೊಂಡು ಹೇಳುವುದಾದರೆ ಅಲ್ಲ. ಒಂದು ಕಂತಿನ ಪೈಪುಗಳನ್ನು ಕೆಟ್ಟದಾಗಿ ಅಚ್ಚುಹಾಕಿದ್ದರೆ ಅದು ತಯಾರಿಕೆಯ ದೋಷ. ಇಲ್ಲಿ ಭಾಗವನ್ನು ವಿನ್ಯಾಸದಂತೆಯೇ ಮಾಡಿದ್ದಾರೆ, ವಿನ್ಯಾಸದ ಆಯಸ್ಸೇ ಎಂಜಿನ್ನಿನ ಆಯಸ್ಸಿಗಿಂತ ಚಿಕ್ಕದು. ಅದಕ್ಕಿಂತ ದೊಡ್ಡ ತಪ್ಪು, ನನ್ನ ಅಭಿಪ್ರಾಯದಲ್ಲಿ, ಸರ್ವಿಸ್ ಪುಸ್ತಕದಲ್ಲಿದೆ. ಟೈಮಿಂಗ್ ಬೆಲ್ಟನ್ನು ಇಷ್ಟು ಮೈಲಿಗೆ ಬದಲಿಸಿ ಎಂದು ಬರೆಯುವ ಕಂಪನಿಗಳು, ಅಷ್ಟೇ ನಿಶ್ಚಿತವಾಗಿ ಮುದಿಯಾಗುವ ಈ ಪೈಪುಗಳ ಬಗ್ಗೆ ಸಾಮಾನ್ಯವಾಗಿ ಒಂದು ಸಾಲನ್ನೂ ಬರೆಯುವುದಿಲ್ಲ. ಕೂಲಂಟನ್ನೇ ‘ಜೀವಮಾನಕ್ಕೆ ಸಾಕು’ ಎನ್ನುವವರೂ ಇದ್ದಾರೆ. ಯಾರ ಜೀವಮಾನ ಎಂದು ಕೇಳಬೇಕು. ಅಮೆರಿಕದಲ್ಲಿ ಈ ವರ್ಗದ ಗಾಡಿಗಳಲ್ಲಿ ಬಹಳಷ್ಟು ಮೂರು ವರ್ಷದ ಲೀಸ್ ಮೇಲೆ ಹೋಗುತ್ತವೆ. ಪೋರ್ಷೆ, ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಮೂರರದೂ ಹೊಸ ಗಾಡಿಯ ಮೂಲ ವಾರಂಟಿ ಅಲ್ಲಿ 4 ವರ್ಷ ಅಥವಾ 50 ಸಾವಿರ ಮೈಲಿ. ಮೊದಲ ಗ್ರಾಹಕ ಈ ತೊಂದರೆಯನ್ನು ನೋಡುವ ಮೊದಲೇ ಗಾಡಿ ಹಿಂತಿರುಗಿಸಿ ಹೊಸತಕ್ಕೆ ಹೋಗಿರುತ್ತಾನೆ. ಪೈಪು ಬಿರಿಯುವುದು ನಿಮ್ಮಂತಹ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿ, ಅಂದರೆ ಷೋರೂಮಿನ ಲೆಕ್ಕಪುಸ್ತಕದಲ್ಲಿ ಹೆಸರೇ ಇಲ್ಲದವರ ಕೈಯಲ್ಲಿ. ದೂರುಗಳು ಅಷ್ಟೊಂದಿದ್ದೂ ವಿನ್ಯಾಸ ನಿಧಾನವಾಗಿ ಬದಲಾಗುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಮಾರುವುದೇ, ರಿಪೇರಿ ಮಾಡಿಸುವುದೇ ಎಂಬುದು ಎಂಜಿನ್ ಈಗಾಗಲೇ ಕಾದಿದೆಯೇ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಪೈಪಿಗೆ ಹಣ ಕೊಡುವ ಮೊದಲು ಪರೀಕ್ಷೆಗೆ ಹಣ ಕೊಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೈಪಂಪಿನಿಂದ ಮುಚ್ಚಳದ ಮೇಲೆ ನಮೂದಿಸಿದ ಮಟ್ಟಕ್ಕೆ ಒತ್ತಡ ಏರಿಸಿ ಇಳಿಯುತ್ತದೆಯೇ ಎಂದು ನೋಡುವುದು ಮೊದಲನೆಯದು. ಸೂಕ್ಷ್ಮ ಬಿರುಕಾದರೆ ಹದಿನೈದು ನಿಮಿಷ ಸಾಲದು, ರಾತ್ರಿಯಿಡೀ ಬಿಡಬೇಕಾಗುತ್ತದೆ. ಕೂಲಂಟಿಗೆ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ಹುಡುಕುವುದು, ಕಣಿವೆಯೊಳಗೆ ಸಣ್ಣ ಕ್ಯಾಮೆರಾ ಇಳಿಸುವುದು ಅದರ ಜೊತೆಗೆ. ಟ್ಯಾಂಕಿನ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ, ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ ಎಂದು ತಿಳಿಯುವ ಪರೀಕ್ಷೆ ಅಗ್ಗದ್ದು, ಅದನ್ನು ಬಿಡಬೇಡಿ. ಆಯಿಲ್ ಮುಚ್ಚಳದ ಒಳಗೆ ಹಾಲಿನಂತಹ ನೊರೆ ಇದ್ದರೆ, ಅಥವಾ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ ಹೋಸ್ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಈ ಪರೀಕ್ಷೆಗಳಲ್ಲಿ ಹೆಡ್ಡು ಸರಿಯಿದೆಯೆಂದು ಬಂದರೆ ಗಾಡಿಯನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಹೆಡ್ಡು ಹೋಗಿದ್ದರೆ ಈ ವಯಸ್ಸಿನ ಗಾಡಿಗೆ ಎಂಜಿನ್ ಬದಲಿಸುವುದಕ್ಕೆ ಐದಂಕಿಯ ಡಾಲರ್ ಸುರಿಯುವುದು ಲೆಕ್ಕಕ್ಕೆ ಕೂಡಿಬರುವುದಿಲ್ಲ. ಆಗ ಇರುವ ಸ್ಥಿತಿಯನ್ನು ಮುಚ್ಚಿಡದೆ ಹೇಳಿ ಮಾರುವುದು ಮೇಲು. ನೀವು ಮುಚ್ಚಿಟ್ಟು ಮಾರಿದರೆ ನಿಮಗೆ ಮಾರಿದವರ ಸಾಲಿಗೆ ನೀವೂ ಸೇರುತ್ತೀರಿ, ಕಾನೂನಿನ ತೊಡಕು ಬೇರೆ.

ರಿಪೇರಿಗೆ ಇಳಿದ ಮೇಲೆ ಅರ್ಧ ಕೆಲಸ ಮಾಡಿಸಬೇಡಿ. ಖರ್ಚಿನ ಬಹುಭಾಗ ಬಿಚ್ಚಿ ಜೋಡಿಸುವ ಕೂಲಿ. ಮ್ಯಾನಿಫೋಲ್ಡ್ ಎತ್ತಿದ ಮೇಲೆ ಆ ಕಣಿವೆಯ ಪ್ರತಿಯೊಂದು ಪೈಪು, ಓ-ರಿಂಗ್, ಥರ್ಮೋಸ್ಟಾಟ್, ವಾಟರ್ ಪಂಪ್, ಬೆಲ್ಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಮತ್ತು ಮುಚ್ಚಳವನ್ನೂ ಸೇರಿಸಿ. ಹೀಗಾಗಿ ಪಂಪನ್ನೂ ಬದಲಿಸಬೇಕೆಂಬ ನಿಮ್ಮ ಡೀಲರರ ಮಾತು ಹಣ ಕೀಳುವ ಹುನ್ನಾರವೆಂದು ನನಗೆ ತೋರುವುದಿಲ್ಲ; ಮೊತ್ತವನ್ನು ಮಾತ್ರ ಆ ಬ್ರ್ಯಾಂಡಿನಲ್ಲೇ ಪಳಗಿದ ಸ್ವತಂತ್ರ ಗ್ಯಾರೇಜಿನ ಅಂದಾಜಿನೊಂದಿಗೆ ಹೋಲಿಸಿ ನೋಡಿ. ನಿಮ್ಮ ಎಂಜಿನ್ನಿಗೆ ಅಲ್ಯೂಮಿನಿಯಂ ಪೈಪು ಸಿಗುತ್ತಿದ್ದರೆ ಅದನ್ನೇ ಹಾಕಿಸಿ, ಆದರೆ ಒಳ್ಳೆಯ ಹೆಸರಿನದನ್ನು. ಕೊನೆಯ ಅಳತೆ ಸರಿಯಿಲ್ಲದ ಅಗ್ಗದ ಲೋಹದ ಪೈಪಿಗಿಂತ ಕಂಪನಿಯ ಹೊಸ ಪ್ಲಾಸ್ಟಿಕ್ ಪೈಪೇ ವಾಸಿ. ಲೋಹ ಹಾಕಿದರೂ ಓ-ರಿಂಗ್ ರಬ್ಬರಿನದೇ, ಅದು ಮತ್ತೆ ಮುದಿಯಾಗುತ್ತದೆ. ಬದಲಿಸಿದ ಭಾಗಗಳಿಗೆ ಎಂಟು ವರ್ಷ ಅಥವಾ 80 ಸಾವಿರ ಮೈಲಿಯನ್ನು ಗಡುವೆಂದು ನಾನು ಹೇಳುತ್ತೇನೆ, ಇದು ಕಂಪನಿಯ ಅಂಕಿಯಲ್ಲ.

ಸೋರಿಕೆ ನಿಲ್ಲಿಸುವ ದ್ರಾವಣವನ್ನು ಖಂಡಿತ ಹಾಕಿಸಬೇಡಿ. ಬಿರಿದ ಬೆಸುಗೆಯನ್ನು ಅದು ಹಿಡಿಯುವುದಿಲ್ಲ. ಹೀಟರಿನ ಸಣ್ಣ ಕೊಳವೆಗಳನ್ನು, ಕೆಲವೊಮ್ಮೆ ರೇಡಿಯೇಟರನ್ನೂ, ಚೆನ್ನಾಗಿಯೇ ಕಟ್ಟಿಬಿಡುತ್ತದೆ. ಕೂಲಂಟನ್ನು ಬಣ್ಣ ನೋಡಿ ತುಂಬಿಸಬೇಡಿ, ಬಣ್ಣಕ್ಕೆ ಸಾರ್ವತ್ರಿಕ ನಿಯಮವಿಲ್ಲ. ಪುಸ್ತಕದಲ್ಲಿ ಬರೆದಿರುವ ನಿರ್ದಿಷ್ಟ ಮಾನದಂಡದ ದ್ರವವೇ ಬೇಕು, ಬೇರೆ ಬೇರೆ ರಾಸಾಯನಿಕ ಕುಟುಂಬದವನ್ನು ಬೆರೆಸಿದರೆ ಲೋಳೆಯಂತೆ ಹೆಪ್ಪುಗಟ್ಟುವ ಸಂಭವವಿದೆ. ತುಂಬಿಸುವಾಗ ನಿರ್ವಾತ ಮಾಡಿ ತುಂಬಿಸುವ ಉಪಕರಣ ಗ್ಯಾರೇಜಿನಲ್ಲಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಳಗೆ ಗಾಳಿ ಉಳಿದು ಹೊಸ ಪೈಪು ಹಾಕಿದ ದಿನವೇ ಎಂಜಿನ್ ಕಾಯಬಹುದು.

ಹಣ ಮರಳಿ ಪಡೆಯುವ ವಿಷಯದಲ್ಲಿ ಹೆಚ್ಚು ಆಸೆ ಹುಟ್ಟಿಸಲಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಮಾಲೀಕರ ದೂರುಗಳನ್ನು ಸ್ವೀಕರಿಸಿ ಸಾರ್ವಜನಿಕವಾಗಿ ಇಡುತ್ತದೆ. ಅದು ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸು ಕರೆಸುವಂತೆ, ಮಾಡಿಸಬಲ್ಲದು ಸುರಕ್ಷತೆಗೆ ಧಕ್ಕೆ ತರುವ ದೋಷಗಳಿಗೆ ಮಾತ್ರ. ಎಂಜಿನ್ ಹಾಳಾಗಿ ಮಾಲೀಕರಿಗೆ ನಷ್ಟವಾಗುವುದನ್ನು ಅಷ್ಟರಿಂದಲೇ ಸುರಕ್ಷತೆಯ ಪ್ರಶ್ನೆಯೆಂದು ಪರಿಗಣಿಸುವುದಿಲ್ಲ. ಹಾಗೆಂದು ದೂರು ಬರೆಯದಿರಬೇಡಿ. ಹೆದ್ದಾರಿಯ ವೇಗದಲ್ಲಿ ಎಂಜಿನ್ನಿನ ಶಕ್ತಿ ಥಟ್ಟನೆ ಕುಸಿದಿದ್ದರೆ, ಹೊಗೆ ಬಂದಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಿ; ಆಗಿರದಿದ್ದರೆ ಆಯಿತೆಂದು ಬರೆಯಬೇಡಿ. ದೂರುಗಳ ಸಂಖ್ಯೆಯನ್ನು ನೋಡಿ ತೀರ್ಪು ಕೊಡುವುದೂ ತರವಲ್ಲ, ಅವು ಪರಿಶೀಲನೆಗೆ ಒಳಪಟ್ಟವಲ್ಲ, ಚೆನ್ನಾಗಿ ಓಡುತ್ತಿರುವ ಗಾಡಿಯವರು ಬರೆಯುವುದೂ ಇಲ್ಲ. ಒಂದೇ ಭಾಗ, ಒಂದೇ ಆಸುಪಾಸಿನ ಮೈಲಿ, ಒಂದೇ ಬಗೆಯ ವಿವರಣೆ ಮತ್ತೆ ಮತ್ತೆ ಬಂದರೆ ಅದಕ್ಕೆ ಬೆಲೆ ಇದೆ. ಅದೇ ತಾಣದಲ್ಲಿ ಕಂಪನಿಗಳು ಡೀಲರುಗಳಿಗೆ ಕಳಿಸಿದ ತಾಂತ್ರಿಕ ಸೂಚನಾಪತ್ರಗಳೂ ಸಿಗುತ್ತವೆ. ನಿಮ್ಮ ಮಾದರಿಯ ಈ ಪೈಪಿನ ಬಗ್ಗೆ ಅಂಥದೊಂದು ಇದ್ದರೆ ಅದನ್ನು ಮುದ್ರಿಸಿ, ಸರ್ವಿಸಿನ ರಸೀದಿಗಳ ಜೊತೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದು ಸೌಜನ್ಯದ ನೆರವನ್ನು ಕೇಳಿ. ವಾರಂಟಿ ಮುಗಿದ ಗಾಡಿಗೆ ಭಾಗಶಃ ವೆಚ್ಚ ಕೊಡುವುದು ಅವರ ಮರ್ಜಿ, ಹಕ್ಕಿನಿಂದ ಕೇಳಲಾಗದು. ಆದರೂ ದಾಖಲೆಯೊಂದಿಗೆ ಶಾಂತವಾಗಿ ಕೇಳಿದವರಿಗೆ ಅಷ್ಟಿಷ್ಟು ಸಿಕ್ಕಿರುವುದುಂಟು. ಪದೇ ಪದೇ ಕೆಡುವ ಗಾಡಿ ಕೊಂಡವರಿಗೆ ಪರಿಹಾರ ಕೊಡಿಸುವ ಲೆಮನ್ ಕಾನೂನುಗಳು ಬಹುತೇಕ ಹೊಸ ಗಾಡಿಯ ಆರಂಭದ ಅವಧಿಗೆ ಸಂಬಂಧಿಸಿದವು, ನಿಮಗೆ ಒದಗಲಾರವು. ಮಾರಿದ ಡೀಲರ್ ಸೋರಿಕೆಯನ್ನು ತಿಳಿದೂ ಮುಚ್ಚಿಟ್ಟಿದ್ದಕ್ಕೆ ಲಿಖಿತ ಸಾಕ್ಷ್ಯವಿದ್ದರೆ ನಿಮ್ಮ ಟೆಕ್ಸಾಸ್ ರಾಜ್ಯದಲ್ಲಿ ಸಣ್ಣ ಮೊತ್ತದ ದಾವೆಗಳನ್ನು ನೋಡುವ ಜಸ್ಟಿಸ್ ಕೋರ್ಟಿನಲ್ಲಿ 20 ಸಾವಿರ ಡಾಲರ್‌ವರೆಗಿನ ದಾವೆ ಹೂಡಬಹುದು, ಎರಡು ವರ್ಷ ಕಳೆದಿರುವುದರಿಂದ ಕಾಲಮಿತಿಯ ಬಗ್ಗೆ ಮೊದಲು ಅಲ್ಲಿಯ ವಕೀಲರೊಬ್ಬರನ್ನು ಕೇಳಿ. ಯಾವ ದಾರಿ ಹಿಡಿದರೂ ತೆಗೆದ ಹಳೆಯ ಪೈಪನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಚಿತ್ರ ತೆಗೆದು, ಪೈಪನ್ನೂ ಜೋಪಾನವಾಗಿಡಿ.

ಇನ್ನು ನಿಮ್ಮ ಬಾವನವರ ವಿಷಯ. ಬೆಂಗಳೂರಿನ ಹಳೆಯ ಐಷಾರಾಮಿ ಎಸ್‌ಯುವಿಗಳಲ್ಲಿ ಹೆಚ್ಚಿನವು ಡೀಸೆಲ್. ಅವುಗಳಲ್ಲಿ ಪ್ಲಾಸ್ಟಿಕ್ ಪೈಪಿನ ಜೊತೆಗೆ ಇಜಿಆರ್ ಕೂಲರನ್ನೂ ನೋಡಬೇಕು. ಎಂಜಿನ್ನಿಗೆ ಮರಳುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ ಅದು. ಒಳಗೆ ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ದಾರಿಗೆ ಸೋರಿ, ಹೊರಗೆ ಎಲ್ಲಿಯೂ ಕಾಣದೆ ಕಡಿಮೆಯಾಗುತ್ತಾ ಹೋಗುತ್ತದೆ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹತ್ತಾರು ಬಿಎಂಡಬ್ಲ್ಯು ಕಾರುಗಳು ಹೊತ್ತಿಕೊಂಡಾಗ ಕಂಪನಿ ಕೊಟ್ಟ ಕಾರಣ ಇದೇ: ಸೋರಿದ ಕೂಲಂಟ್ ಮಸಿಯೊಂದಿಗೆ ಬೆರೆತು ಅಂಟಿಕೊಂಡು, ಬಿಸಿ ಹೊಗೆಗೆ ಹೊತ್ತಿಕೊಂಡಿತು. ಅಲ್ಲಿ ಸುಮಾರು 1.06 ಲಕ್ಷ ಡೀಸೆಲ್ ಕಾರುಗಳನ್ನು ವಾಪಸು ಕರೆಸಿದ ಕಂಪನಿ ಅದೇ ವರ್ಷದ ಅಕ್ಟೋಬರಿನಲ್ಲಿ ರೀಕಾಲನ್ನು ಜಗತ್ತಿನಾದ್ಯಂತ 16 ಲಕ್ಷ ವಾಹನಗಳಿಗೆ ವಿಸ್ತರಿಸಿತು. ಎಕ್ಸ್5ರ ಡೀಸೆಲ್ ಮಾದರಿ ಅಮೆರಿಕದ ಪಟ್ಟಿಯಲ್ಲಿತ್ತು. ಅವರು ನೋಡಿರುವ ಗಾಡಿಯ ಚಾಸಿಸ್ ನಂಬರನ್ನು ಆಯಾ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ಬಾಕಿ ಇರುವ ರೀಕಾಲ್ ಕೆಲಸ ಯಾವುದಾದರೂ ಇದೆಯೇ ಎಂದು ವಿಚಾರಿಸಲಿ.

‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ನೀರು ಹಾಕಿದರೆ ಸಾಕು’ ಎಂಬ ಮಾತು ಬೆಂಗಳೂರಿನ ಗ್ಯಾರೇಜುಗಳಲ್ಲಿ ಇನ್ನೂ ಕೇಳಿಬರುತ್ತದೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದ ಆ ಊರಿನಲ್ಲಿ ಬರಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣದ ಪೊರೆ ಕಟ್ಟುತ್ತದೆ. ಟ್ಯಾಂಕಿನಲ್ಲಿ ಬಣ್ಣಗೆಟ್ಟ, ತುಕ್ಕಿನ ಛಾಯೆಯ ನೀರು ಕಂಡರೆ ಉಳಿದ ಪರೀಕ್ಷೆಗೆ ಹೋಗದೆ ಆ ಗಾಡಿಯನ್ನು ಬಿಟ್ಟುಬಿಡುವುದು ಒಳ್ಳೆಯದು. ಓಡಿಸಿ ನೋಡುವಾಗ ಉಷ್ಣತೆ ಎಲ್ಲಿ ಏರುತ್ತದೆಂದು ಗಮನಿಸಬೇಕು. ಸಿಲ್ಕ್ ಬೋರ್ಡಿನಂತಹ ಕಡೆ ನಿಂತು ನಿಂತು ಸಾಗುವಾಗ ಏರಿ, ರಸ್ತೆ ಸಿಕ್ಕೊಡನೆ ಇಳಿದರೆ ಫ್ಯಾನ್ ಅಥವಾ ರೇಡಿಯೇಟರಿಗೆ ಹೊರಗಿನಿಂದ ಕಟ್ಟಿದ ಧೂಳು ಕಾರಣ. ಹೆದ್ದಾರಿಯ ವೇಗದಲ್ಲಿ, ಘಾಟಿಯ ಏರಿನಲ್ಲಿ ಏರಿದರೆ ರೇಡಿಯೇಟರಿನ ಒಳಗೆ ಕಟ್ಟಿದೆ ಅಥವಾ ಪಂಪು ಸೋತಿದೆ. ಮಟ್ಟ ಇಳಿಯುತ್ತಾ ಎಲ್ಲಿ ಬೇಕಾದರೂ ಏರಿದರೆ ಸೋರಿಕೆ.

ಕೊಂಡ ಮೇಲೆ ತಕರಾರು ಬಂದರೆ, ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಅದು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಎಂಜಿನ್ನಿನಲ್ಲಿ ದೋಷವಿತ್ತೆಂದು ಬರಿದೇ ಹೇಳಿದರೆ ಅಲ್ಲಿ ನಿಲ್ಲುವುದು ಕಷ್ಟ, ತಜ್ಞರ ವರದಿ ಬೇಕಾಗುತ್ತದೆ. ಹಳೆಯ ಗಾಡಿಯನ್ನು ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ದಾರಿ ಸಾಮಾನ್ಯವಾಗಿ ತೆರೆದಿರುವುದಿಲ್ಲ, ಆದ್ದರಿಂದ ಲಿಖಿತ ವಾರಂಟಿ ಕೊಡುವ ವ್ಯಾಪಾರಿಯಿಂದ, ಕೂಲಿಂಗ್ ವ್ಯವಸ್ಥೆ ಅದರಲ್ಲಿ ಹೆಸರಿಸಿ ಸೇರಿದೆಯೆಂದು ಓದಿಕೊಂಡ ಮೇಲೆಯೇ ಕೊಳ್ಳುವುದು ಉತ್ತಮ. ಗಾಡಿ ನೋಡಲು ನಿಮ್ಮ ಬಾವ ಬೆಳಿಗ್ಗೆಯೇ, ಮಾರುವವರಿಗೆ ಮುಂಚೆ ತಿಳಿಸಿ, ಎಂಜಿನ್ ಚಾಲೂ ಮಾಡದೆ ಇಡಿ ಎಂದು ಹೇಳಿ ಹೋಗಲಿ. ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗಲಿ. ಎರಡನೆಯ ಸಲವೂ ಬಿಸಿಯಾಗಿದ್ದರೆ ಮೂರನೆಯ ಸಲ ಹೋಗುವುದು ಬೇಡ.